ಮೇಪಲ್ ಮರದ ಕೆಳಗಿನ ಎಜ್ರಾ

ಒಲೆಯ ಪಕ್ಕದಲ್ಲಿದ್ದ ಸೇಬಿನ ಪೆಟ್ಟಿಗೆಯೊಳಗೆ ಏನೋ ಕೆರೆದ ಸದ್ದಾಯಿತು. ಮರ್ವಿನ್ ಮಲಗಿ ಬಹಳ ಹೊತ್ತಾಗಿತ್ತು. ನೀರು ಕುಡಿಯಲು ಎದ್ದುಬಂದ ನಾನು ಮೊದಲು ಇಲಿಯಿರಬೇಕು ಅಂದುಕೊಂಡೆ. ಆಮೇಲೆ ಪೆಟ್ಟಿಗೆಯಲ್ಲಿ ಏನಿದೆ ಎಂಬುದು ನೆನಪಾಯಿತು. ಅದರಲ್ಲಿ ಇದ್ದದ್ದು ಎಜ್ರಾನ ಹೆಣ.

ಎಜ್ರಾ ನಮ್ಮೂರಿನ ಗ್ರೌಂಡ್‌ಹಾಗ್. ಅಳಿಲಿನ ಬಳಗದ, ಬೆಕ್ಕಿಗಿಂತ ದಪ್ಪನಾದ, ಬಿಲದಲ್ಲಿ ಬದುಕುವ ಪ್ರಾಣಿ. ಫೆಬ್ರವರಿ ಎರಡರ ಬೆಳಗ್ಗೆ ಉದ್ದನೆಯ ಕರಿ ಟೋಪಿ ಹಾಕಿದ ಹಬ್ಬದ ಸಂಘದವರು ಅವನನ್ನು ಗುಡ್ಡದ ಮೇಲೆ ಎತ್ತಿ ಹಿಡಿಯುತ್ತಾರೆ. ಅವನಿಗೆ ತನ್ನ ನೆರಳು ಕಂಡರೆ ಇನ್ನೂ ಆರು ವಾರ ಚಳಿ. ಕಾಣದಿದ್ದರೆ ವಸಂತ ಬೇಗ. ಜರ್ಮನಿಯಿಂದ ಬಂದ ನಮ್ಮ ಹಿರಿಯರು ಜೊತೆಗೆ ತಂದ ನಂಬಿಕೆ. ಒಬ್ಬ ಸತ್ತರೆ ಇನ್ನೊಬ್ಬನನ್ನು ತಂದು ಅದೇ ಹೆಸರಿಟ್ಟು, ಅಂದಿನಿಂದಲೂ ಒಬ್ಬನೇ ಎಜ್ರಾ, ಅವನಿಗೆ ಸಾವಿಲ್ಲ ಎಂದು ಮಕ್ಕಳಿಗೆ ಹೇಳುತ್ತೇವೆ. ಸಂಘದ ಅಧ್ಯಕ್ಷ ನನ್ನ ಗಂಡ ಮರ್ವಿನ್. ಎಜ್ರಾನ ಊಟ, ಉಪಚಾರ, ಬೆಚ್ಚನೆಯ ಗೂಡು ಎಲ್ಲವೂ ಅವನ ಹೊಣೆ.

ಹಿಮಗಾಳಿಗೆ ಕರೆಂಟು ಹೋಗಿ, ಗೂಡಿನ ಹೀಟರ್ ಆರಿ ವಾರವಾಗುತ್ತ ಬಂದಿತ್ತು. ಮರುದಿನವೇ ಹಬ್ಬ. ಆ ಮಧ್ಯಾಹ್ನ ಮರ್ವಿನ್ ಗೂಡಿನಿಂದ ಎತ್ತಿ ತಂದಾಗ ಎಜ್ರಾ ಉಂಡೆಯಾಗಿ ಸುತ್ತಿಕೊಂಡಿದ್ದ, ಕಲ್ಲಿನಂತೆ ತಣ್ಣಗಿದ್ದ.

"ಹೋಗ್ಬಿಟ್ಟ ಕಣೇ ಅರ್ಲೀನ್. ಇವನೂ ಹೋಗ್ಬಿಟ್ಟ," ಎಂದು ನನ್ನೆದುರು ಅತ್ತುಬಿಟ್ಟ.

ಸಂಘದ ಕಾರ್ಯದರ್ಶಿ ಕ್ಲೈಡ್ ಜೊತೆಗಿದ್ದ. "ಅಳ್ಬೇಡಯ್ಯ ಅಧ್ಯಕ್ಷ. ನನ್ನ ಮೊಮ್ಮಗಳ ಹತ್ರ ಇದೇ ಥರದ ಬೊಂಬೆ ಇದೆ, ಅದನ್ನೇ ಎತ್ತು. ಜನ ಬೆಳಗ್ಗೆನೇ ಕುಡ್ದು ಬಂದಿರ್ತಾರೆ, ಯಾರಿಗೆ ಗೊತ್ತಾಗುತ್ತೆ?"

"ಮುಂದಿನ ಸಾಲಲ್ಲಿರೋ ಮಕ್ಕಳು ಕುಡ್ದಿರಲ್ಲ ಕಣೋ. ನಾನೇ ಚಳೀಲಿ ಸಾಯಿಸ್ದೆ ಅಂತ ನಾಳೆ ಹೇಳ್ತೀನಿ. ಟೋಪಿ ಬಿಚ್ಚಿಟ್ಟು ಅಧ್ಯಕ್ಷಗಿರಿ ಬಿಡ್ತೀನಿ."

ಹೂಳೋಣವೆಂದರೆ ನೆಲ ಹೆಪ್ಪುಗಟ್ಟಿತ್ತು. ಪೆಟ್ಟಿಗೆಯನ್ನು ಜಗುಲಿಯಲ್ಲಿಟ್ಟರು. ಕಾಡುಪ್ರಾಣಿ ಎಳೆದೊಯ್ದರೆ ಎಂಬ ಭಯಕ್ಕೆ ನಾನೇ ಒಳಗೆ ತಂದು ಸೌದೆ ಒಲೆಯ ಪಕ್ಕ ಇಟ್ಟಿದ್ದೆ.

ಮತ್ತೆ ಸದ್ದಾಯಿತು. ಲಾಟೀನು ಹಿಡಿದು ಮುಚ್ಚಳ ಸರಿಸಿದೆ. ಎರಡು ಕಪ್ಪು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಎಜ್ರಾನ ಮೈಯೆಲ್ಲ ಗಡಗಡ ನಡುಗುತ್ತಿತ್ತು. ಮುಚ್ಚಳ ಕೈಬಿಟ್ಟು ಹಿಂದೆ ಸರಿದೆ.

ಮುಚ್ಚಳ ಬಿದ್ದ ಸದ್ದಿಗೆ ಮರ್ವಿನ್ ಓಡಿಬಂದ. ನೋಡಿದವನೇ ಅಲ್ಲೇ ಕುಸಿದು ಕೂತು ಅಳುತ್ತ ನಕ್ಕ. "ಸತ್ತೋನು ಎದ್ದು ಬಂದ್ನಲ್ಲೇ! ಇವನಿಗೆ ಸಾವಿಲ್ಲ ಅಂತ ನಾವು ಹೇಳಿದ್ದು ಸುಳ್ಳಲ್ಲ ಕಣೇ!"

ಅವನು ಕ್ಯಾರೆಟ್ ತರಲು ಹೋದಾಗ ಕಾಲೇಜಿನ ಪ್ರಾಣಿಶಾಸ್ತ್ರದ ಪಾಠ ನೆನಪಾಯಿತು. ಈ ಪ್ರಾಣಿ ಚಳಿಗಾಲವಿಡೀ ಮೈ ತಣ್ಣಗೆ ಮಾಡಿಕೊಂಡು ಮಲಗುತ್ತದೆ, ಉಸಿರಾಡುವುದೂ ಗೊತ್ತಾಗುವುದಿಲ್ಲ, ಬೆಚ್ಚಗಾದರೆ ಏಳುತ್ತದೆ. ನಮ್ಮೂರಲ್ಲಿ ಮಾತ್ರ ಹಬ್ಬಕ್ಕೆ ಎಚ್ಚರವಿರಲೆಂದು ಬೆಚ್ಚಗೆ ಸಾಕುತ್ತೇವೆ. ಹವಾಮಾನ ಹೇಳುವವನ ನಿದ್ದೆಯನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ.

ಆಗ ಮರ್ವಿನ್ ಮಧ್ಯಾಹ್ನ ಆಡಿದ ಮಾತು ಎದೆಗೆ ಬಂದು ಬಡಿಯಿತು. ಇವನೂ.

ಹೋದ ಚಳಿಗಾಲದ ಡಿಸೆಂಬರಿನಲ್ಲೂ ಕರೆಂಟು ಹೋಗಿತ್ತು, ನೆಲ ಮಾತ್ರ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಆಗಿನ ಎಜ್ರಾ ಕೂಡ ಹೀಗೇ ಉಂಡೆಯಾಗಿದ್ದ. "ಎಷ್ಟು ಚೆನ್ನಾಗಿ ಮುದುರ್ಕೊಂಡಿದಾನೆ ನೋಡೇ, ಮಲಗಿದ ಹಾಗೇ ಇದೆ," ಎಂದು ಮರ್ವಿನ್ ತನ್ನ ಮಫ್ಲರ್ ಸುತ್ತಿ, ಕಿಟಕಿಯಾಚೆಯ ಮೇಪಲ್ ಮರದ ಕೆಳಗೆ ಆಳವಾಗಿ ಹೂತಿದ್ದ. ಮಣ್ಣನ್ನು ಕಾಲಿನಿಂದ ಗಟ್ಟಿಯಾಗಿ ತುಳಿದಿದ್ದ.

ಬೆಳಗ್ಗೆ ಮೋಡ ಕವಿದಿತ್ತು. ನೆರಳು ಕಾಣಲಿಲ್ಲ, ಜನ ಕುಣಿದರು. ಎಜ್ರಾ ಕ್ಲೈಡ್‌ನ ಬೆರಳು ಕಚ್ಚಿದ. "ಎಲಾ, ನಾನು ಹೇಳಿದ ಬೊಂಬೆ ಹೀಗೆಲ್ಲ ಕಚ್ತಿರಲಿಲ್ಲ ಕಣಯ್ಯ!" ಎಂದು ಅವನು ಕೂಗಿದ್ದಕ್ಕೆ ಮರ್ವಿನ್ ಟೋಪಿ ಬೀಳುವಂತೆ ನಕ್ಕ.

ಮನೆಗೆ ಬಂದವನು ಮೇಪಲ್ ಮರವನ್ನು ತಟ್ಟಿದ. "ಇವನು ಬದುಕ್ಕೊಂಡ ಕಣಪ್ಪ. ನಿನ್ನ ಹಣೇಲಿ ಅದು ಬರೆದಿರ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದ. "ಯಾಕೇ, ಮುಖ ಬಿಳಿಚ್ಕೊಂಡಿದೆ?"

"ರಾತ್ರಿ ನಿದ್ದೆ ಇಲ್ವಲ್ಲ," ಎಂದೆ.

ವಸಂತ ಬಂದಾಗ ಆ ಮರದಡಿ ಏನು ಎಚ್ಚರಗೊಂಡಿತ್ತೋ, ಎಷ್ಟು ಕೆರೆದಿತ್ತೋ, ನಮಗೆ ಕೇಳಿಸಿರಲಿಲ್ಲ. ಮರ್ವಿನ್‌ಗೆ ಅದು ಈಗಲೂ ಕೇಳಿಸಬಾರದು. ಅವನಿಗೂ ಹೇಳುವುದಿಲ್ಲ, ಬೇರೆ ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿ, ಆ ಕಿಟಕಿಯ ಪರದೆ ಎಳೆದೆ.