ಸ್ಟೇಜಿಂಗ್‌ನಿಂದ ಹೋದ ಮೆಸೇಜ್

ಆಫೀಸಿನಲ್ಲಿ ಅವಳಿಗೆ ಬಾಗಿಲಮ್ಮ ಅಂತಲೇ ಹೆಸರು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ನಡೆಸುವ ಆ ಕಂಪನಿಯಲ್ಲಿ ಅವಳು ಹೂಂ ಅನ್ನದೆ ಯಾವ ಬದಲಾವಣೆಯೂ ಮುಂದಕ್ಕೆ ಹೋಗುತ್ತಿರಲಿಲ್ಲ. ಮೊದಲು ಟೆಸ್ಟ್, ಅಲ್ಲಿ ಏನು ಕೆಟ್ಟರೂ ಕೇಳುವವರಿಲ್ಲ. ಆಮೇಲೆ ಸ್ಟೇಜಿಂಗ್, ನಿಜದ ಹಾಗೇ ಕಾಣುವ ತಾಲೀಮು. ಕೊನೆಗೆ ಪ್ರೊಡಕ್ಷನ್, ನಿಜವಾದ ರೋಗಿಗಳಿರುವ ಜಾಗ. ವರ್ಷಗಟ್ಟಲೆ ಈ ಬಾಗಿಲುಗಳನ್ನು ತೆಗೆದು ಮುಚ್ಚಿ ಅವಳು ಹೈರಾಣಾಗಿದ್ದಳು. ರಜೆ ಹಾಕಿ ಮಲಗಿದರೂ ಹೋಗುವ ಸುಸ್ತಲ್ಲ ಅದು.

ತಾಲೀಮಿಗೆ ನಿಜವಾದ ರೋಗಿಗಳ ಮಾಹಿತಿಯನ್ನೇ ನಕಲು ಮಾಡಿ ತರುತ್ತಿದ್ದರು. ತಂದ ಕೂಡಲೇ ಎಲ್ಲರ ಫೋನ್ ನಂಬರ್ ತೆಗೆದು ಅವಳ ನಂಬರ್ ಹಾಕಬೇಕು, ತಾಲೀಮಿನಲ್ಲಿ ಕಳಿಸಿದ ಮೆಸೇಜೆಲ್ಲ ಅವಳ ಮೊಬೈಲಿಗೇ ಬಂದು ಬೀಳಲಿ ಅಂತ. ಈ ಕೆಲಸವನ್ನು ಅವಳು ಯಾರ ಕೈಗೂ ಕೊಡುತ್ತಿರಲಿಲ್ಲ. ಎಲ್ಲರ ತಪ್ಪು ಹುಡುಕುವ ಬಾಗಿಲಮ್ಮನ ತಪ್ಪು ಹುಡುಕುವ ಧೈರ್ಯವಾದರೂ ಯಾರಿಗಿತ್ತು?

ಅವತ್ತು ಮಧ್ಯಾಹ್ನ ಅವಳ ಅಮ್ಮನಿಗೆ ಪಿತ್ತಕೋಶದ ಕಲ್ಲು ತೆಗೆಯುವ ಆಪರೇಷನ್. ಬೆಳಿಗ್ಗೆಯಿಂದ ಅಮ್ಮ ತೊಟ್ಟು ನೀರೂ ಕುಡಿಯುವ ಹಾಗಿಲ್ಲ. ಬೇಗ ಕೆಲಸ ಮುಗಿಸಿ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂತ ಇವಳು ತಲೆ ಎತ್ತದೆ ಕೂತಿದ್ದಳು.

"ಮೇಡಂ, ನಂಬರ್ ಬದಲಾಯಿಸಿದ್ರಾ?" ಪಕ್ಕದ ಟೇಬಲ್ಲಿನ ಟೆಸ್ಟರ್ ಕೇಳಿದ.

"ಆಯ್ತಪ್ಪಾ, ಶುರು ಮಾಡು."

ಬದಲಾಯಿಸಿದ್ದೇನೋ ನಿಜ, ಆದರೆ ಸ್ಟೇಜಿಂಗ್‌ನಲ್ಲಲ್ಲ, ಟೆಸ್ಟ್‌ನಲ್ಲಿ. ಸ್ಕ್ರೀನಿನ ಮೇಲೆ ಎರಡೂ ಅಕ್ಕಪಕ್ಕ ತೆರೆದಿದ್ದವು, ಅವಳಿ ಮಕ್ಕಳ ಹಾಗೆ. ನಿದ್ದೆಗೆಟ್ಟ ಕಣ್ಣಿಗೆ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಟೆಸ್ಟರ್ ಮತ್ತೆ ಇಣುಕಿದ. "ಇವತ್ತು ಆಪರೇಷನ್ ಇರೋ ರೋಗಿಗಳಿಗೆಲ್ಲ 'ಮುಂದೂಡಲಾಗಿದೆ' ಅಂತ ಕಳಿಸಿದೀನಿ. ನಿಮಗೆ ಬಂತಾ ಮೇಡಂ?"

ಮೊಬೈಲ್ ತೆಪ್ಪಗೆ ಬಿದ್ದಿತ್ತು. ಅವಳು ಸ್ಕ್ರೀನ್ ನೋಡಿದಳು: ನಂಬರ್ ಬದಲಾಗಿದ್ದು ಟೆಸ್ಟ್‌ನಲ್ಲಿ, ಮೆಸೇಜ್ ಹೋಗಿದ್ದು ನಿಜವಾದ ರೋಗಿಗಳಿಗೆ.

ಆಮೇಲೆ ಶುರುವಾಯಿತು ಓಡಾಟ. ಆಸ್ಪತ್ರೆಗಳಿಗೆ ಫೋನು, ರೋಗಿಗಳಿಗೆ ತಿದ್ದುಪಡಿ ಮೆಸೇಜು, ಮೇಲಿನವರ ಬೈಗುಳ. ಟೆಸ್ಟರ್ ಮೇಲೆ ಗೂಬೆ ಕೂರಿಸಬಹುದಿತ್ತು. ಅದಕ್ಕೂ ತ್ರಾಣವಿರಲಿಲ್ಲ, ಮನಸ್ಸೂ ಇರಲಿಲ್ಲ. "ತಪ್ಪು ನಂದೇ" ಅಂದುಬಿಟ್ಟಳು. ಕುರ್ಚಿಗೆ ಒರಗಿದ ಮೇಲೇ ಅವಳಿಗೆ ಹೊಳೆದದ್ದು: ಅಮ್ಮನ ಆಸ್ಪತ್ರೆಯೂ ತಮ್ಮ ಗಿರಾಕಿಯೇ. ಫೋನ್ ಮಾಡಿದಳು.

"ಅಮ್ಮಾ, ಏನಾದ್ರೂ ತಿಂದ್ಯಾ?"

"ಹೊಟ್ಟೆ ತುಂಬಾ ಊಟ ಮಾಡ್ದೆ ಪುಟ್ಟೀ. ಹಸಿವಿಗೆ ಜೀವ ಹೋಗ್ತಿತ್ತು. ಮುಂದಕ್ಕೆ ಹಾಕಿದಾರೆ ಅಂತ ಮೆಸೇಜ್ ಬಂತಲ್ಲ."

ಇವತ್ತಿನ ಆಪರೇಷನ್ ಮುಗಿದ ಕತೆ. ಇನ್ನು ಯಾವಾಗಲೋ, ಅಲ್ಲಿಯವರೆಗೂ ಅಮ್ಮನಿಗೆ ಆ ನೋವು.

"ನಂಗೊಂದು ಫೋನ್ ಮಾಡಿ ಕೇಳಬಾರದಿತ್ತಾ?" ಬಂದದ್ದು ಸಿಟ್ಟಲ್ಲ, ಅಳು.

"ಏನಂತ ಕೇಳ್ಲಿ? ಹಿಂದೆ ಎರಡು ಸಲವೂ ಆಫೀಸಲ್ಲಿ ರಿಲೀಸ್ ಇದೆ ಅಂತ ನೀನೇ ಮುಂದಕ್ಕೆ ಹಾಕಿಸಿದ್ಯಲ್ಲಾ. ಇದೂ ನಿಂದೇ ಕೆಲಸ ಅಂದ್ಕೊಂಡೆ."

"ಹೂಂ ಅಮ್ಮಾ," ಅಂದಳು ಅವಳು. "ನಂದೇ."