ಮುಟ್ಟದೆ ನೋಡಿದ ಕಣ್ಣು

"ಏ ಬೆಳ್ಳಿ, ನಿನ್ ಕಣ್ಣಂಗೆ ಎಂತ ಸಗಣಿ ತುಂಬಿತ್ತಾ? ಚಟ್ಲಿ ತಲಿ ಹಾಂಗೇ ಬಿಟ್ಟಿದ್ಯಲೆ, ರಂಡೆ! ಕಾಂತಿಲ್ಲ ಅಂದ್ರೆ ಮನಿಯಂಗ್ ಬಿದ್ಕೋ, ನನ್ ಶೆಡ್ಡಂಗಲ್ಲ!"

ಲೀಲಾಧರ ಬೈದರೆ ಹೀಗೆ. ತೆಕ್ಕಟ್ಟೆಯಲ್ಲಿ ಅವನು ಬಾಯಿ ತೆರೆದರೆ ಕುಂಭಾಶಿಯ ಕಾಗೆಗಳು ತೆಂಗಿನ ಮರದಿಂದ ಉದುರಬೇಕು. ಅವನ ಚಟ್ಲಿ, ಅಂದರೆ ಸಿಗಡಿ ಸುಲಿಯುವ ಶೆಡ್ಡಿನ ನಾತವೂ ಸಾಮಾನ್ಯದ್ದಲ್ಲ. ಹೆದ್ದಾರಿಯ ಬಸ್ಸಿನಲ್ಲಿ ನಿದ್ದೆ ಹೋದವರು ಅಲ್ಲಿಗೆ ಬಂದಾಗ ಎದ್ದು ಕೂತು, ಕೋಟೇಶ್ವರ ದಾಟುವವರೆಗೆ ಉಸಿರು ಬಿಡುತ್ತಿರಲಿಲ್ಲ. ಅಂಥ ಶೆಡ್ಡಿನ ಐಸ್ ನೀರಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೆಳ್ಳಿ ಇಪ್ಪತ್ತೆರಡು ವರ್ಷದಲ್ಲಿ ಸುಲಿದ ಸಿಗಡಿಯನ್ನು ಸಾಲಾಗಿ ಇಟ್ಟರೆ, ಬೈಂದೂರಿಗೆ ಹೋಗಿ, ತಿರುಗಿ ಬ್ರಹ್ಮಾವರ ಮುಟ್ಟಿ, ಇನ್ನೂ ಒಂದು ಬುಟ್ಟಿ ಮಿಗಬೇಕು.

ಈಗ ಅವಳ ಎಡಗಣ್ಣು ಬೆಂದ ಮೀನಿನ ಕಣ್ಣು. ಬಲಗಣ್ಣೂ ಅದೇ ದಾರಿ ಹಿಡಿದಿತ್ತು. ರೆಪ್ಪೆಯ ಕೂದಲು ಒಳಕ್ಕೆ ತಿರುಗಿ, ಪಿಳುಕಿಸಿದಾಗಲೆಲ್ಲ ಪಾಪೆಯನ್ನು ಗೀರುತ್ತಿತ್ತು. ಶೆಡ್ಡಿನ ಹಿಂದಿನ ಲೈನು ಮನೆಯ ಹನ್ನೊಂದು ಹೆಂಗಸರಲ್ಲಿ ಬೆಳ್ಳಿಯೂ ಸೇರಿ ಆರು ಮಂದಿಗೆ ಇದೇ ಗತಿ. ಇರುವುದು ಒಂದೇ ನಲ್ಲಿ. ಸಿಗಡಿ ತೊಳೆದು ಉಳಿದ ನೀರು ಮನುಷ್ಯರಿಗೆ. ಮುಖ ಒರೆಸುವ ಒಂದೇ ಬೈರಾಸು ದಿನಕ್ಕೆ ಹನ್ನೊಂದೂ ಮುಖಗಳ ಮೇಲೆ ಸವಾರಿ ಮಾಡಿ ಬರುತ್ತಿತ್ತು.

ಆದರೆ ಹೀಗೆ ಒಳಕ್ಕೆ ತಿರುಗಿದ ಕೂದಲು ಕೀಳುವುದರಲ್ಲಿ ಬೆಳ್ಳಿಯನ್ನು ಮೀರಿಸುವ ಕೈ ಮೂರು ತಾಲೂಕಿನಲ್ಲಿ ಇರಲಿಲ್ಲ, ಬರೆದುಕೊಳ್ಳಿ. ಕಣ್ಣು ಮಂಜಾದರೂ ಬೆರಳಿಗೇ ದಾರಿ ಗೊತ್ತು; ಚಿಮಟ ಹಿಡಿದಳೆಂದರೆ ಸೊಳ್ಳೆಯ ಮೀಸೆಯನ್ನು ಸೊಳ್ಳೆಗೇ ಗೊತ್ತಾಗದಂತೆ ಕಿತ್ತಾಳು. ಲೈನಿನವರಿಗೆ ಅವಳು ಈವರೆಗೆ ಕಿತ್ತ ಕೂದಲಲ್ಲಿ ಒಂದು ಬಲೆ ನೇಯಬಹುದಿತ್ತು. ಕಿತ್ತರೆ ಹದಿನೈದು ದಿನ ನೆಮ್ಮದಿ. ಆಮೇಲೆ ಮೊಳೆತು ಮತ್ತೆ ಚುಚ್ಚುತ್ತಿತ್ತು.

ಸೋಮವಾರ ಆಶಾ ಕಾರ್ಯಕರ್ತೆ ನವ್ಯಶ್ರೀ ಓಡೋಡಿ ಬಂದಳು.

"ಹ್ವಾಯ್ ಬೆಳ್ಯಕ್ಕ, ಗುರುವಾರ ಕಣ್ಣಿನ ಸರ್ವೆಯರ್ ಬತ್ರ್! ಕುಂದಾಪ್ರ, ಬೈಂದೂರ್, ಬ್ರಹ್ಮಾವರ ಎಲ್ಲ ಸೇರ್ಸಿ ಕಂಪ್ಯೂಟರ್ ಚೀಟಿ ಎತ್ತಿತ್ತ್, ನಿಮ್ ಲೈನಿಗೇ ಬಿತ್ತ್. ಎಷ್ಟ್ ಜನಕ್ಕೆ ಈ ರೋಗ ಅಂಟಿತ್ತ್ ಅಂದೇಳಿ ಲೆಕ್ಕ ಹಾಕ್ತ್ರ್. ರೆಪ್ಪಿ ಒಳ್ಗ್ ತಿರ್ಗಿದ್ದರ್ ಹೆಸ್ರ್ ಬರ್ಕಂಡ್ರೆ ಆಪ್ರೇಷನ್ ಪುಕ್ಕಟೆ."

"ಈ ಒಂದ್ ಕಣ್ಣಾರೂ ಉಳಿತ್ತಾ ಹೆಣೆ?"

"ಹೆಸ್ರ್ ಬಿದ್ರೆ ಉಳಿತ್ತ್."

ಮೂರು ದಿನ ಬೆಳ್ಳಿ ಬೈಗುಳವನ್ನು ಬೆಲ್ಲದ ಹಾಗೆ ನುಂಗಿದಳು. ಗುರುವಾರ ಬೆಳಿಗ್ಗೆ ಲೈನಿನ ಅಂಗಳ ಗುಡಿಸಿ, ಸೆಗಣಿ ಸಾರಿಸಿ, ಕಣ್ಣು ಕೆಟ್ಟ ಉಳಿದ ಐದೂ ಮಂದಿಯನ್ನು ಸಾಲಾಗಿ ಕೂರಿಸಿದಳು.

"ದೊಡ್ಡ ಡಾಕ್ಟ್ರ್ ಬಪ್ಪತಿಗೆ ಈ ಅವತಾರ ಕಾಣ್ಸೂಕಾತ್ತಾ? ಕಣ್ಣ್ ಬಿಡಿ."

"ನಮ್ಮನ್ನ ಮದಿಗ್ ಕಳ್ಸ್ತ್ಯನೆ?" ಎಂದಳು ಪಕ್ಕದ ಕೋಣೆಯ ಸೀತು.

"ಹೌದೇ, ಆ ಡಾಕ್ಟ್ರಿಗೇ ಕಟ್ತೆ ನಿನ್ನ!"

ಲೈನು ನಕ್ಕ ನಗೆಗೆ ತಗಡು ನಡುಗಿತು. ಒಬ್ಬೊಬ್ಬರ ಒಳಗೂದಲನ್ನೂ ಕಿತ್ತು, ಕೊನೆಗೆ ಒಡೆದ ಕನ್ನಡಿ ಹಿಡಿದು ತನ್ನದನ್ನೂ ಒಂದು ಎಳೆ ಬಿಡದೆ ಕಿತ್ತಳು. ಮನೆಗೆ ಬರುವವರ ಮುಂದೆ ಕಸ ಇಡುವ ಹೆಣ್ಣಲ್ಲ ಅವಳು.

ಜೀಪು ಬಂತು. ಸರ್ವೆಗೆ ಬಂದವನ ಹೆಸರು ಪ್ರವೀಣ; ಅವನಿಗೆ ಲೀಲಾಧರ ಕುರ್ಚಿ ಹಾಕಿ, ಬೊಂಡ ಕೆತ್ತಿಸಿ ಎಳನೀರು ಕೊಟ್ಟ.

"ಸಾರ್, ರೋಗ ಅಂದೇಳಿ ಬರ್ದ್ರೆ ಈ ಮುಂಡೇರ್ ಸುಲ್ದ ಮಾಲ್ ಯಾರ್ ತಕಂತ್ರ್? ಇವ್ಕೆ ವಾಸ್ನಿ ಬಿಟ್ರೆ ಬೇರೆ ಎಂತ ರೋಗವೂ ಇಲ್ಲ."

ಪ್ರವೀಣ ಮೂಗಿಗೆ ಹಿಡಿದ ಕರವಸ್ತ್ರದೊಳಗೇ ನಕ್ಕ. ಹೆಬ್ಬೆರಳಲ್ಲಿ ರೆಪ್ಪೆ ಮಗುಚಿ ನೋಡಬೇಕಾದವನು ಹೆಂಗಸರ ಲೋಳೆಗೈ ಕಂಡದ್ದೇ ಗ್ಲೋವ್ಸನ್ನು ಮತ್ತೆ ಜೇಬಿಗೆ ಇಳಿಸಿದ. ಎರಡು ಮಾರು ದೂರದಿಂದ ಟಾರ್ಚು ಬಿಟ್ಟ.

"ಮೇಲೆ ನೋಡು. ಕೆಳಗೆ. ರೆಪ್ಪೆ ಒಳಗೆ ತಿರುಗಿಲ್ಲ. ಮುಂದೆ."

ಕೋಳಿ ಕಾಳು ಹೆಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ, ಆರು ಮಂದಿ ಮುಗಿದರು.

"ಒಡೆಯಾ," ಬೆಳ್ಳಿ ಒಂದು ಹೆಜ್ಜೆ ಮುಂದೆ ಬಂದಳು, "ಕಿತ್ತದ್ ನಾನೇ. ನೀವ್ ಬತ್ರಿ ಅಂದೇಳಿ ಇವತ್ ಬೆಳಿಗ್ಗೆ ಕಿತ್ತದ್. ಎಲ್ಲ ಒಳ್ಗೇ ಚುಚ್ಚ್ತಿತ್ತ್."

"ನಾನು ಕಂಡದ್ದನ್ನು ಬರೆಯುವವನು. ಕತೆ ಬರೆಯುವವನಲ್ಲ."

"ಸಾರ್, ಕಿತ್ತದ್ದನ್ನೂ ಕೇಳಿ ಬರೀಬೇಕು ಅಂತ ಟ್ರೈನಿಂಗಲ್ಲಿ ಹೇಳಿದ್ರಲ್ಲ," ಎಂದಳು ನವ್ಯಶ್ರೀ. "ಒಂದ್ಸಲ ಮಗುಚಿ ನೋಡಿ."

"ನೀನು ಆಶಾನಾ, ಡಾಕ್ಟರಾ?"



"ಹಾಂಗಾರೆ ಈ ಬೆಳಿ ಕಣ್ಣ್?" ಬೆಳ್ಳಿ ಎಡಗಣ್ಣು ತೋರಿಸಿದಳು.

"ವಯಸ್ಸಾದರೆ ಬರುವ ಪೊರೆ."

"ನಂಗ್ ನಲ್ವತ್ತಾರ್!"

ಪ್ರವೀಣ ಫೋನಿನ ಪರದೆ ಒತ್ತಿದ. "ಆಯ್ತು. ಲೆಕ್ಕ ಮೇಲಿನ ಆಫೀಸಿಗೆ ಹೋಯ್ತು."

"ತಿದ್ದೂಕಾತಿಲ್ಯಾ?"

"ಇಲ್ಲ."

"ಮತ್ತ್ ಯಾವಾಗ ಬತ್ರಿ?"

"ನಿಮ್ಮಲ್ಲಿ ರೋಗವೇ ಇಲ್ಲವಲ್ಲ. ಯಾಕೆ ಬರುವುದು?"

ಲೀಲಾಧರ ಉಳಿದ ಬೊಂಡಗಳನ್ನು ಜೀಪಿನ ಹಿಂದಿನ ಸೀಟಿಗೆ ಇಡಿಸಿದ. ಎಂಜಿನ್ ಗುರುಗುಟ್ಟಿತು.

ಲೈನಿನಿಂದ ಹೆದ್ದಾರಿಗೆ ಒಂದೇ ಓಣಿ, ಎರಡೂ ಕಡೆ ಕಲ್ಲಿನ ಗೋಡೆ. ಬೆಳ್ಳಿ ಹೋಗಿ ಅದರ ನಡುವೆ ನಿಂತಳು. ಉಪ್ಪುನೀರಿನ ಕೈಯಲ್ಲೇ ಬಲಗಣ್ಣಿನ ಮೇಲ್ರೆಪ್ಪೆ ಹಿಡಿದು, ಸಿಗಡಿಯ ಚಿಪ್ಪು ಬಿಡಿಸಿದಂತೆ ಮಗುಚಿದಳು. ಒಳಗಿನ ಮಾಂಸ ಕೆಂಪಗೆ, ಗಂಟುಗಂಟಾಗಿ ಹೊರಗೆ ಬಂತು.

"ಕಾಣ್! ಮುಟ್ಟ್‌ಬೇಡ ಬೋಳಿಮಗನೆ, ಕಾಣ್!"

ಸೀತು ಬಂದು ಪಕ್ಕದಲ್ಲಿ ನಿಂತು ತನ್ನದನ್ನೂ ಮಗುಚಿದಳು. ಹಿಂದೆಯೇ ಉಳಿದ ನಾಲ್ವರು.

"ದಾರಿ ಬಿಡಿ ರಂಡೆರ್ಯಾ! ನಾಳಿಂದ ಒಬ್ಳಿಗೂ ಕೆಲ್ಸ ಇಲ್ಲ!" ಲೀಲಾಧರನ ದನಿ ಮೊದಲ ಬಾರಿಗೆ ಒಡೆಯಿತು.

ಪ್ರವೀಣ ಗಾಜು ಏರಿಸಿ ಫೋನು ನೋಡುತ್ತ ಕೂತ. ಡ್ರೈವರ್ ಹಾರನ್ ಒತ್ತಿ ಹಿಡಿದ. ಉಪ್ಪಿನ ಉರಿಗೆ ನೀರು ತುಂಬಿ ಬೆಳ್ಳಿಗೆ ಜೀಪು ಕಾಣುತ್ತಿರಲಿಲ್ಲ. ಹಾರನ್ನಿನ ಸದ್ದು ಮಾತ್ರ ಗೇಣು ಗೇಣಾಗಿ ಹತ್ತಿರ ಬರುತ್ತಿತ್ತು. ಎಲ್ಲಿಂದಲೋ ಒಂದು ನೊಣ ಬಂದು ಆ ಕೆಂಪು ಮಾಂಸದ ಮೇಲೆ ಕೂತಿತು. ಅವಳು ಕೈ ತೆಗೆಯಲಿಲ್ಲ.