ಮುಂಬೈಯಾಗ ಎಲ್ಲಿ ಉಣಬೇಕು

ರುಮಾಲು ಮತ್ತೆ ಹಣೆಯ ಮೇಲೆ ಜಾರಿತು. ಶೇಖವ್ವ ಅದನ್ನು ಮೇಲಕ್ಕೆ ಸರಿಸಿ, ಗಂಡನ ಹಣೆಯ ವಿಭೂತಿ ಅಳಿಸಿತೇನೋ ಎಂದು ಬಗ್ಗಿ ನೋಡಿದಳು. ತಿರಕಪ್ಪನನ್ನು ಪದ್ಧತಿಯಂತೆ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಬದುಕಿದ್ದಾಗಲೂ ಆತ ಅದೇ ಗೋಡೆಗೆ ಅದೇ ಠೀವಿಯಲ್ಲಿ ಒರಗಿ, ಮುಂಬೈಗೆ ಹೊರಟವರಿಗೆಲ್ಲ ಎಲ್ಲಿ ಉಣ್ಣಬೇಕೆಂದು ಹೇಳುತ್ತಿದ್ದ. ಇವತ್ತು ಬಾಯಿ ಮುಚ್ಚಿತ್ತು, ಅಷ್ಟೇ ಫರಕು.

"ಅತ್ತುಬಿಡು ವೈನಿ," ಎಂದಳು ಪಕ್ಕದಲ್ಲಿ ಕೂತ ನಾದಿನಿ ಪ್ರೇಮವ್ವ. "ಒಳಗ ಇಟ್ಕೊಂಡ್ರ ಎದಿ ಒಡೀತೈತಿ."

ಶೇಖವ್ವನಿಗೆ ಅಳು ಬರಲಿಲ್ಲ. ಆಕೆಯ ಕಿವಿ ಅಂಗಳದಲ್ಲಿತ್ತು. ಅಲ್ಲಿ, ಕುಣಿಗೆ ಹಾಕಲು ತಂದಿಟ್ಟ ಉಪ್ಪಿನ ಚೀಲದ ಪಕ್ಕದಲ್ಲಿ, ನೆರೆಮನೆಯ ಹನುಮಪ್ಪ ನಾಲ್ಕು ಜನರನ್ನು ಕೂಡಿಸಿಕೊಂಡು ಮಾತಿಗೆ ಕೂತಿದ್ದ.

"ರೈಲು ಇಳದ ಕೂಡಲೇ ಇರಾಣಿ ಹೋಟೆಲಿಗೆ ಹೋಗು, ಚಹಾದ ಜೋಡಿ ಬೆಣ್ಣಿ ಹಚ್ಚಿದ ಪಾವು ತಿನ್ನು ಅಂದಿದ್ರು ತಿರಕಪ್ಪಣ್ಣ. ಮಧ್ಯಾಹ್ನಕ್ಕ ಗಿರಗಾವದ ಕಾಶೀಬಾಯಿ ಖಾನಾವಳಿ. ಆಕಿ ಕೈಯಾಗಿನ ಬ್ಯಾಳಿ ಆಮಟಿ ಉಂಡಾಂವ ಊರು ಮರೀತಾನ ಅಂದ್ರು. ಸುಳ್ಳಲ್ಲ, ನಾ ಖರೇನ ಮರತೆ."

ಉಳಿದವರು ತಲೆದೂಗಿದರು. ಹನುಮಪ್ಪ ಧ್ವನಿ ತಗ್ಗಿಸಿದ. ಅವನು ತಗ್ಗಿಸಿದ ಧ್ವನಿ ಆಚೆ ಓಣಿಗೂ ಕೇಳುವಂಥದ್ದು.

"ಆದ್ರ ಒಂದು ಮಾತು. ಬ್ಯಾಡಗಿ ತಿರಕಪ್ಪ ಕಳಿಸ್ಯಾರ ಅಂತ ಆಕಿಗೆ ಹೇಳಿದೆ. ಯಾವ ತಿರಕಪ್ಪ, ನನಗ ಗೊತ್ತಿಲ್ಲ ಅಂದು ಮಾರಿ ತಿರುವಿದ್ಲು. ಒಂದು ಹನಿ ತುಪ್ಪಾನೂ ಹೆಚ್ಚಿಗಿ ಹಾಕ್ಲಿಲ್ಲ."

ಶೇಖವ್ವ ಒಳಗೊಳಗೇ ಲೆಕ್ಕ ಹಾಕಿದಳು. ಕಾಶೀಬಾಯಿ ಗುರುತು ಹಿಡಿದು ಕ್ಷೇಮ ಕೇಳಿದ್ದರೆ ಒಂದು ಪಾಲು ಸಂಶಯ. ಗೊತ್ತೇ ಇಲ್ಲ ಎಂದಳೆಂದರೆ ಹತ್ತು ಪಾಲು! ಗುರುತಿದ್ದವರೇ ಗುರುತಿಲ್ಲ ಅನ್ನುವುದು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತಾರೆ. ಅಷ್ಟರೊಳಗೆ ಆಕೆಗೆ ತಿಳಿಯಬೇಕಾಗಿತ್ತು: ತಾನು ಕಳಿಸಿಕೊಡುತ್ತಿರುವುದು ತನ್ನ ಗಂಡನನ್ನೋ, ಇನ್ನೊಬ್ಬಳ ಪಂಕ್ತಿಯಲ್ಲಿ ಉಂಡೆದ್ದು ಬಂದ ಅತಿಥಿಯನ್ನೋ? ಮಣ್ಣು ಬಿದ್ದ ಮೇಲೆ ಯಾರನ್ನು ಕೇಳುವುದು?

* * *

ಅಡತಿ ಅಂಗಡಿಯ ಸಾಹುಕಾರರು ತಿರಕಪ್ಪನನ್ನು ಮೊದಲ ಸಲ ಮೆಣಸಿನಕಾಯಿ ಚೀಲಗಳ ಜೊತೆ ಮುಂಬೈಗೆ ಕಳಿಸಿದಾಗ ಶೇಖವ್ವ ಹೊಸ ಮದುವಣಗಿತ್ತಿ. ಮುಂಬೈಗೆ ಹೋದ ಗಂಡಸು ಅಲ್ಲೊಂದು ಮನೆ ಮಾಡುತ್ತಾನೆ ಎಂದು ಬಾವಿಕಟ್ಟೆಯ ಹೆಂಗಸರು ಆಕೆಯ ಕಿವಿ ಊದಿದ್ದರು. ಮನೆ ಸುರುವಾಗುವುದು ಹೊಟ್ಟೆಯಿಂದ ಎಂದೂ ಹೇಳಿದ್ದರು.

"ಹೊರಗ ಯಾರ ಕೈ ಅಡಗೀನೂ ಉಣಬಾರದು. ಆಣಿ ಮಾಡ್ರಿ," ಎಂದು ಬುತ್ತಿಯ ಗಂಟನ್ನು ಕೈಯಲ್ಲೇ ಹಿಡಿದು ನಿಂತಳು.

ತಿರಕಪ್ಪ ನಕ್ಕು, ಎದೆಯ ಮೇಲಿನ ಲಿಂಗ ಮುಟ್ಟಿದ. "ನಿನ್ನ ಕೈ ಬಿಟ್ಟು ಮತ್ತೊಬ್ಬರ ಕೈ ಅಡಗಿ ಉಣ್ಣಂಗಿಲ್ಲ. ಸಾಕೇನು?"

ಬೇರೆಯವರಿಗೆ ಸಾಕಾಗುತ್ತಿತ್ತು. ಆದರೆ ಪುಣ್ಯಾತ್ಮ ಊರಿಗೆ ಮರಳಿದವನೇ ಗೋಡೆಗೆ ಒರಗಿ ಸುರುಮಾಡಿದ. ಆ ಹೋಟೆಲಿನ ಪೂರಿ ಹೀಗೆ ಉಬ್ಬುತ್ತದೆ, ಈ ಹೋಟೆಲಿನ ಬೇಳೆಗೆ ಇಂಗು ಮುಂದು, ಕಾಶೀಬಾಯಿಯ ಆಮಟಿಗೆ ಬೆಲ್ಲ ಬಿದ್ದದ್ದೇ ಗೊತ್ತಾಗುವುದಿಲ್ಲ. ಉಣ್ಣದ ನಾಲಿಗೆಗೆ ಇಷ್ಟೆಲ್ಲ ಹೇಗೆ ತಿಳಿಯುತ್ತದೆ? ಕೇಳಿದರೆ, "ಗಾಳಿ ಬಂದು ಹೇಳತೈತಿ," ಎಂದು ನಗುತ್ತಿದ್ದ.

ಮರುವರ್ಷ ಶೇಖವ್ವ ಬಲೆ ಹಾಕಿದಳು. ತಿಂಗಳಾದರೂ ಕೆಡದ ಕಡಕ್ ರೊಟ್ಟಿ ಕಟ್ಟಿದಳು. ಅದರ ಜೊತೆಗೆ ಶೇಂಗಾ ಚಟ್ನಿ ಕುಟ್ಟಿದಳು, ಅದಕ್ಕೆ ಒಂದು ಹರಳು ಉಪ್ಪೂ ಹಾಕಲಿಲ್ಲ. ಮನೆಯಲ್ಲಿ ಉಪ್ಪು ಒಂದಿಷ್ಟು ಕಡಿಮೆಯಾದರೆ ಗಂಗಾಳ ದೂಡುವ ಮನುಷ್ಯ ಅವನು. ಉಂಡರೆ ಬಂದು ಕೂಗಾಡಲೇಬೇಕು. ಕೂಗಾಡದಿದ್ದರೆ ಉಂಡಿಲ್ಲವೆಂದೇ ಅರ್ಥ.

ತಿರಕಪ್ಪ ಬಂದ. ಬುತ್ತಿಯ ಖಾಲಿ ಅರಿವೆಯನ್ನು ಮಡಚಿ ಆಕೆಯ ಕೈಗೆ ಕೊಟ್ಟು, "ಬುತ್ತಿ ಭಾಳ ಚಲೋ ಇತ್ತು," ಎಂದ.

ಸಿಕ್ಕಿಬಿದ್ದ! ಶೇಖವ್ವ ಅಂದು ಅಡುಗೆಮನೆಯಲ್ಲಿ ಸೆರಗು ಕಚ್ಚಿಕೊಂಡು ಅತ್ತಳು. ಅಲ್ಲಿಂದ ಮುಂದೆ ಪ್ರತಿ ಸುಗ್ಗಿಗೂ ಉಪ್ಪಿಲ್ಲದ ಚಟ್ನಿಯನ್ನೇ ಕಟ್ಟಿದಳು, ಪ್ರತಿ ಸಲವೂ ಅದೇ ಮಾತು ಕೇಳಿದಳು. ರೊಟ್ಟಿಯನ್ನು ಸಮುದ್ರಕ್ಕೆ ಹಾಕುತ್ತಾನೋ ನಾಯಿಗೆ ಹಾಕುತ್ತಾನೋ ಎಂದು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಎಲ್ಲಿ ಹೌದೆಂದುಬಿಟ್ಟಾನೋ ಎಂಬ ಹೆದರಿಕೆ. ಹೀಗೆ ಮದುವಣಗಿತ್ತಿಯ ಕೂದಲು ಹಣ್ಣಾಯಿತು. ದೇಶದೇಶಗಳ ಲಡಾಯಿ ಸುರುವಾಗಿ ಮುಂಬೈಗೆ ಹೋಗಿಬರುವ ಫೇರಿ ನಿಂತಿತು. ಸಂಶಯ ಮಾತ್ರ ನಿಲ್ಲಲಿಲ್ಲ.

* * *

ಹೆಣ ಎತ್ತುವ ಹೊತ್ತಿಗೆ ಗೋಣೆಪ್ಪ ಬಂದ. ಚೀಲ ಹೊರುವ ಹಮಾಲ. ಮೊದಲಿಂದಲೂ ತಿರಕಪ್ಪನ ಸಂಗಡ ಮುಂಬೈಗೆ ಹೋಗುತ್ತಿದ್ದವನು, ನಡ ಹಿಡಿದ ಮೇಲೆ ರಾಣೇಬೆನ್ನೂರಿನ ಮಗಳ ಮನೆ ಸೇರಿದ್ದ. ಬಂದವನೇ ತಿರಕಪ್ಪನ ಕಾಲು ಹಿಡಿದು ಹೋ ಎಂದು ಅತ್ತ.

ಶೇಖವ್ವ ಎದ್ದಳು. "ಗೋಣೆಪ್ಪ, ಹಿತ್ತಲಕಡೆ ಬಾ."

ಪ್ರೇಮವ್ವ ಕಣ್ಣು ಬಿಟ್ಟು ನೋಡುತ್ತಿದ್ದಂತೆ ಆಕೆ ಅವನನ್ನು ಹಿತ್ತಲಿಗೆ ಕರೆದೊಯ್ದಳು.

"ಅವರನ್ನ ಮಣ್ಣಿಗೆ ಒಯ್ಯೂದ್ರೊಳಗ ಖರೇ ಹೇಳು. ಕಾಶೀಬಾಯಿ ಯಾರು?"

"ಖಾನಾವಳಿ ಮುದುಕಿರಿ ಅಕ್ಕಾರ. ಬಾಯಾಗ ಒಂದು ಹಲ್ಲಿಲ್ಲ."

"ಅವರು ಆಕಿ ಕಡೆ ಉಣ್ಣಾಕ ಹೋಗತಿದ್ರಲ್ಲ?"

"ಅಣ್ಣಾರೇನು?" ಗೋಣೆಪ್ಪ ಅಳುತ್ತಲೇ ನಕ್ಕ. "ಅವರು ಒಂದು ದಿನಾನೂ ಯಾ ಹೋಟೆಲಿನ ಹೊಸ್ತಿಲಾನೂ ದಾಟ್ಲಿಲ್ರಿ. ಉಂಡಾಂವ ನಾನು. ಅವರು ಎದುರಿನ ಕಟ್ಟಿಮ್ಯಾಲೆ ಕುಂತು ನಿಮ್ಮ ಬುತ್ತಿ ಬಿಚ್ಚೋರು. ಯಾರು ತೇಗಿಕೋತ ಹೊರಗ ಬಂದ್ರು, ಯಾರು ಮಾರಿ ಹುಳ್ಳಗ ಮಾಡ್ಕೊಂಡು ಬಂದ್ರು, ಎಲ್ಲಾ ನೋಡೋರು. ನಾ ಬಂದ ಮ್ಯಾಲೆ ಫೌಜದಾರ ಕೇಳಿದಂಗ ಕೇಳೋರು. ಬ್ಯಾಳಿಗೆ ಏನು ಹಾಕಿದ್ರು? ಹುಣಸಿ ಮುಂದೋ ಬೆಲ್ಲ ಮುಂದೋ? ಯಾರ ಮುಂದನೂ ಬಾಯಿ ಬಿಡಬ್ಯಾಡ ಗೋಣ್ಯಾ, ಮುಂಬೈ ಬಲ್ಲಾಂವ ಅಂತ ನಾಕು ಮಂದಿ ಮನೀಗೆ ಬರ್ತಾರ, ಅದೂ ತಪ್ಪತೈತಿ ಅಂದಿದ್ರು."

ಶೇಖವ್ವನಿಗೆ ನಂಬಬೇಕೆನ್ನಿಸಿತು. ಆದರೆ ಆಕೆಯ ಕೈಯಲ್ಲಿ ಇನ್ನೊಂದು ಒರೆಗಲ್ಲಿತ್ತು.

"ಸುಳ್ಳು. ಆ ಬುತ್ತಿ ಅವರ ನಾಲಿಗಿಗೆ ಹೆಂಗ ಸೇರತಿತ್ತು?"

ಗೋಣೆಪ್ಪ ನೆಲ ನೋಡಿದ. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಾ ಒಳಗ ಹೋಗೂಮುಂದ ದಿನಾ ಒಂದು ಮಾತು ಹೇಳೋರು. ಬರೂಮುಂದ ಒಂದು ಚಿಟಿಕಿ ಉಪ್ಪು ಕೇಳಿ ತಗೊಂಡು ಬಾ, ನಮ್ಮಾಕಿ ಚಟ್ನಿಗೆ ಉಪ್ಪು ಹಾಕೂದು ಮರೀತಾಳ. ಹೇಳಿದ್ರ ಪಾಪ, ಮನಸ್ಸಿಗೆ ಹಚ್ಕೋತಾಳ. ಉಪ್ಪೇನು ಯಾರ ಕೈ ಅಡಗಿನೂ ಅಲ್ಲ, ಆಣಿ ಮುರಿಯಂಗಿಲ್ಲ ಅನ್ನೋರು."

ಶೇಖವ್ವ ಹಿತ್ತಲಿನ ಒರಳಕಲ್ಲನ್ನು ಹಿಡಿದುಕೊಂಡಳು. ಆ ಚಟ್ನಿ ಕುಟ್ಟಿದ ಒರಳು ಅದೇ.

* * *

ಕುಣಿಯಲ್ಲೂ ತಿರಕಪ್ಪನನ್ನು ಕೂರಿಸಿದರು. ಅಯ್ಯನವರು ವಿಭೂತಿ ಹಚ್ಚಿ, ಪತ್ರಿ ಏರಿಸಿ ಮೇಲೆ ಬಂದರು. ಉಪ್ಪಿನ ಚೀಲ ಬಿಚ್ಚಿದರು. ಒಬ್ಬೊಬ್ಬರೇ ಬಂದು ಒಂದೊಂದು ಹಿಡಿ ಹಾಕಿ ಸರಿದರು.

ಶೇಖವ್ವನ ಪಾಳಿ ಬಂತು. ಒಂದು ಹಿಡಿ ಹಾಕಿದಳು. ಸರಿಯಲಿಲ್ಲ. ಇನ್ನೊಂದು ಹಾಕಿದಳು. ಆಮೇಲೆ ಎರಡೂ ಕೈಯಿಂದ ಬಾಚಿ ಬಾಚಿ ಹಾಕತೊಡಗಿದಳು. ಬೆಳಗಿನಿಂದ ಬಾರದ ಅಳು ಈಗ ಕಟ್ಟೆಯೊಡೆದು ಬಂತು, ಓಣಿಯವರೆಲ್ಲ ತಿರುಗಿ ನೋಡುವಂಥ ಅಳು.

"ಸಾಕು ವೈನಿ, ಸಾಕು," ಪ್ರೇಮವ್ವ ತೋಳು ಹಿಡಿದಳು.

"ಉಪ್ಪು ಭಾಳ ಆತು ಬೇ," ಎಂದ ಹನುಮಪ್ಪ.

ಶೇಖವ್ವ ಖಾಲಿಯಾದ ಚೀಲವನ್ನು ಕುಣಿಯ ಮೇಲೆ ಹಿಡಿದು ಜಾಡಿಸಿದಳು. ಆಮೇಲೆ ಅಂಚಿನಲ್ಲಿ ಕೂತು, ಚೀಲವನ್ನು ಒಳಹೊರಗು ಮಾಡಿ, ಹೊಲಿಗೆಯ ಸಂದಿಯಲ್ಲಿ ಸಿಕ್ಕಿದ್ದ ಹರಳುಗಳನ್ನು ಉಗುರಿನಿಂದ ಬಿಡಿಸಿ ಬಿಡಿಸಿ, ಒಂದೊಂದಾಗಿ ಅವನ ಕಡೆ ಹಾಕುತ್ತ ಹೋದಳು.